ಆ ಮಂಗಳವಾರ ತಿಂಡಿ ಮಾಡುವವರು ಯಾರು?

ಬೆಂಗಳೂರು ಬಿಟ್ಟು ಮೈಸೂರಿಗೆ ಹೋಗಬೇಕು ಅಂತ ಒಬ್ಬರಿಗೆ ಆಸೆ, ಇನ್ನೊಬ್ಬರಿಗೆ ಸಂಕಟ. ಇಂಥ ಜೋಡಿಗಳು ಸಲಹೆಗಾರಳಾದ ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಶುರುವಾದಾಗ ಒಂದಷ್ಟು ಜನ ಬಂದರು. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲೆ ಇನ್ನಷ್ಟು. ಮರುವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಅಪಾರ್ಟ್‌ಮೆಂಟಿನವರು ಟ್ಯಾಂಕರ್‌ಗೆ ಕಾದು ಕೂತ ಮೇಲಂತೂ ಕೇಳುವುದೇ ಬೇಡ. ಎಲ್ಲರಿಗೂ ಹೇಳುವ ಮಾತು ಹೆಚ್ಚುಕಮ್ಮಿ ಒಂದೇ ಆಗಿಬಿಟ್ಟಿದೆ. ಅದಕ್ಕೇ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ.

ಗಂಡನಿಗೆ ನಲವತ್ತು ದಾಟಿದೆ, ಸಾಫ್ಟ್‌ವೇರ್ ಕೆಲಸ. ಮನೆ ಜೆ.ಪಿ.ನಗರದಲ್ಲಿ, ಆಫೀಸು ವೈಟ್‌ಫೀಲ್ಡ್‌ನಲ್ಲಿ. ಸಿಲ್ಕ್ ಬೋರ್ಡ್‌ನ ಟ್ರಾಫಿಕ್ ದಾಟಿ ಹೋಗಿ ಬರುವುದರಲ್ಲೇ ಜೀವ ಹಣ್ಣಾಗುತ್ತದೆ. ಬಿಪಿ ಶುರುವಾಗಿದೆ. ಆಕೆ ಖಾಸಗಿ ಶಾಲೆಯೊಂದರಲ್ಲಿ ಗಣಿತ ಟೀಚರ್. ಆಕೆಯ ಅಮ್ಮ ಎರಡು ಬೀದಿ ಆಚೆ ಇದ್ದಾರೆ. ಮಗಳು ಏಳನೇ ಕ್ಲಾಸು, ಮಗ ಮೂರನೇ ಕ್ಲಾಸು. ಗಂಡನ ಅಪ್ಪ ಅಮ್ಮ ಇರುವುದು ಮೈಸೂರಿನ ಕುವೆಂಪುನಗರದಲ್ಲಿ. ಮಹಡಿ ಮನೆ ಖಾಲಿ ಬಿದ್ದಿದೆ.

ಗಂಡನ ವಾದದಲ್ಲಿ ಹುರುಳಿತ್ತು. ಸುಮ್ನೆ ಕನಸು ಕಾಣುವ ಆಸಾಮಿ ಅಲ್ಲ. ಕಂಪನಿ ವಾರಕ್ಕೆ ಎರಡು ದಿನ ಬಂದರೆ ಸಾಕು ಅಂದಿದೆ. ಮಗಳದ್ದು ಸಿಬಿಎಸ್‌ಇ. ಅಲ್ಲಿ ಒಂಬತ್ತು, ಹತ್ತು ಎರಡೂ ಸೇರಿ ಒಂದೇ ಕೋರ್ಸ್ ಇದ್ದ ಹಾಗೆ, ನೇರ ಹತ್ತನೇ ಕ್ಲಾಸಿಗೆ ಬೇರೆ ಶಾಲೆ ಸೇರುವುದು ವಿಶೇಷ ಕಾರಣ ಇದ್ದರೆ ಮಾತ್ರ. "ಈಗ ಹೋಗದೇ ಇದ್ರೆ ಇನ್ನು ಮೂರು ವರ್ಷ ಅಲ್ಲಾಡೋ ಹಾಗಿಲ್ಲ ಮೇಡಂ" ಅಂದರು. ಆಕೆಗೆ ಇದಕ್ಕೆ ಉತ್ತರ ಇರಲಿಲ್ಲ. "ನಂಗೆ ಇಷ್ಟ ಇಲ್ಲ" ಅನ್ನುವುದು ಬಿಟ್ಟರೆ ಬೇರೆ ಮಾತೇ ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಎಲ್ಲರ ಕಣ್ಣಿಗೂ ಆಕೆಯೇ ಹಟಮಾರಿ.

ಮುಂದಿನ ಸಲ ಬರುವಾಗ ಇಬ್ಬರೂ ಬೇರೆಬೇರೆ ಕೂತು ಒಂದು ಹಾಳೆ ಬರೆದು ತನ್ನಿ ಅಂದೆ. ಮೈಸೂರಿಗೆ ಹೋಗಿ ಆರು ತಿಂಗಳಾಗಿದೆ ಅಂದುಕೊಳ್ಳಿ. ದಸರಾ ಅಲ್ಲ, ಭಾನುವಾರ ಅಲ್ಲ, ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ. ಬೆಳಗ್ಗೆಯಿಂದ ರಾತ್ರಿವರೆಗೆ ಗಂಟೆ ಗಂಟೆಗೂ ಏನು ನಡೆಯುತ್ತಿದೆ ಬರೆಯಿರಿ.

ಗಂಡನ ಹಾಳೆ ಓದಿದರೆ ನನಗೂ ಆಸೆಯಾಗಬೇಕು. ಆರು ಗಂಟೆಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್. ಏಳೂವರೆಗೆ ಕಾಫಿ, ಪೇಪರು. ಎಂಟಕ್ಕೆ ಎಲ್ಲರೂ ಒಟ್ಟಿಗೆ ತಿಂಡಿ. ಒಂಬತ್ತಕ್ಕೆ ಲಾಗಿನ್. ಒಂದು ಗಂಟೆಗೆ ಬಿಸಿ ಊಟ. ನಾಲ್ಕಕ್ಕೆ ಅಪ್ಪನ ಮಂಡಿಗೆ ಫಿಸಿಯೋಥೆರಪಿ. ಆರಕ್ಕೆ ಮಗನ ಜೊತೆ ಶಟಲ್. ರಾತ್ರಿ ಎಂಟೂವರೆಗೆ ಎಲ್ಲರೂ ಕೂತು ಊಟ. ಓದುವಾಗ ಅವರ ಮುಖ ನಿಜಕ್ಕೂ ಹಗುರಾಗಿತ್ತು.

ಆಕೆಯ ಹಾಳೆಯಲ್ಲಿ ಒಂಬತ್ತರಿಂದ ನಾಲ್ಕರವರೆಗೆ ಖಾಲಿ. ಯಾಕೆ ಅಂದೆ. "ಈಗ ಆ ಹೊತ್ತಲ್ಲಿ ಶಾಲೆ ಇದೆ. ಅಲ್ಲಿಗೆ ಹೋದ್ಮೇಲೆ ಏನಿರುತ್ತೆ ಅಂತ ಗೊತ್ತಿಲ್ಲ" ಅಂದರು. ಆಮೇಲೆ ಗಂಡನ ಹಾಳೆ ಎಳೆದುಕೊಂಡು ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡರು. ತಿಂಡಿ ಪಕ್ಕ "ಯಾರು?" ಅಂತ ಬರೆದರು. ಬಿಸಿ ಊಟದ ಪಕ್ಕ "ಯಾರು?" ಫಿಸಿಯೋಥೆರಪಿ ಪಕ್ಕ "ಯಾರು ಕರ್ಕೊಂಡು ಹೋಗೋದು?" ಕಾಫಿಯನ್ನೂ ಬಿಡಲಿಲ್ಲ. ಗಣಿತದ ಟೀಚರ್ ಉತ್ತರಪತ್ರಿಕೆ ತಿದ್ದುವಾಗ ಹೇಗಿರುತ್ತಾರೋ ಹಾಗೇ, ಒಂದು ಸಾಲೂ ತಪ್ಪಿಸದೆ.

ಗಂಡ ಸ್ವಲ್ಪ ಹೊತ್ತು ನೋಡಿ, "ಇಲ್ಲಿ ಯಾರು ಮಾಡ್ತಿದ್ದಾರೋ ಹಾಗೇ" ಅಂದರು.

"ಇಲ್ಲಿ ಬೆಳಗ್ಗೆ ಅಡುಗೆಯವರು ಬರ್ತಾರೆ. ಮಕ್ಕಳು ಸ್ಕೂಲಿಂದ ಬಂದ್ರೆ ನಮ್ಮಮ್ಮನ ಮನೆ ಇದೆ. ಅಲ್ಲಿ ಅತ್ತೆ ಬೇರೆಯವರ ಕೈ ಅಡುಗೆ ತಿನ್ನಲ್ಲ. ನಿಮಗೆ ಗೊತ್ತು ಅಲ್ವಾ?"

ಅವರಿಗೆ ಗೊತ್ತಿತ್ತು. ಅದರ ಬಗ್ಗೆ ಯಾವತ್ತೂ ಯೋಚಿಸಿರಲಿಲ್ಲ, ಅಷ್ಟೇ. ಇದರಲ್ಲಿ ಕೆಟ್ಟತನ ಇಲ್ಲ ಅಂತ ನಾನು ನಂಬುತ್ತೇನೆ. ಹುಟ್ಟಿದ ಮನೆಯಲ್ಲಿ ತಿಂಡಿ ಅದಾಗಿ ಅದೇ ತಟ್ಟೆಗೆ ಬರುತ್ತಿತ್ತು, ಆ ಮನೆಗೇ ವಾಪಸ್ ಹೋಗುತ್ತಿದ್ದಾರೆ. ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಹೆಂಗಸಿನ ಪಾಲಿನ ಆ ಐದು ಗಂಟೆ ಊರು ಬದಲಾದ ಮಾತ್ರಕ್ಕೆ ಕಡಿಮೆ ಆಗಲ್ಲ. ಅಡುಗೆಯವರು, ಅಮ್ಮ, ಪಕ್ಕದ ಮನೆಯವರು, ಮಕ್ಕಳನ್ನು ಬಿಡುವ ಆಟೋದವರು ಅಂತ ಹತ್ತು ವರ್ಷದಲ್ಲಿ ಕಟ್ಟಿಕೊಂಡ ಆಸರೆ ಹಳೇ ಊರಲ್ಲೇ ಉಳಿದುಬಿಟ್ಟರೆ ಅದು ಇನ್ನೂ ಏರುತ್ತದೆ. ಗಂಡನ ಆಫೀಸ್ ದಿನಗಳ ಲೆಕ್ಕವೂ ಹಾಗೇ. ಎಕ್ಸ್‌ಪ್ರೆಸ್‌ವೇ ಕೆಂಗೇರಿ ಹತ್ತಿರ ಮುಗಿಯುತ್ತದೆ. ಚಲ್ಲಘಟ್ಟದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೂ ವೈಟ್‌ಫೀಲ್ಡ್ ತುದಿ ಮುಟ್ಟಲು 43 ಕಿಲೋಮೀಟರ್ ಇದೆ. ಆ ಎರಡು ದಿನ ಅವರು ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು. ಆಗ ಎರಡು ಮಕ್ಕಳು, ಇಬ್ಬರು ಹಿರಿಯರು ಪೂರ್ತಿ ಆಕೆಯ ಪಾಲಿಗೆ.

ನಾನು ಕೊಟ್ಟ ಸಲಹೆ ಇದು. ಈ ವರ್ಷ ಹೋಗಬೇಡಿ. ಮಗಳನ್ನು ಎಂಟಕ್ಕೆ ಇಲ್ಲೇ ಹಾಕಿ, ಒಂಬತ್ತು ಶುರುವಾಗುವ ಹೊತ್ತಿಗೆ ಸೇರಿಸಿದರೂ ಆಗುತ್ತದೆ. ಅಷ್ಟರೊಳಗೆ ಬೇಸಿಗೆ ರಜೆಯಲ್ಲಿ ಕುವೆಂಪುನಗರದಲ್ಲೇ ಒಂದು ಪುಟ್ಟ ಮನೆ ತಾತ್ಕಾಲಿಕ ಬಾಡಿಗೆಗೆ ಹಿಡಿದು ಇದ್ದು ನೋಡಿ, ಅಪ್ಪನ ಮಹಡಿಯಲ್ಲಿ ಬೇಡ. ಅಲ್ಲಿದ್ದರೆ ನೆಂಟರ ಹಾಗೆ ಇರುತ್ತೀರಿ, ಇಲ್ಲವೇ ಸೊಸೆ ಮೊದಲ ದಿನದಿಂದಲೇ ಅಡುಗೆಮನೆ ಸೇರುತ್ತಾರೆ, ಎರಡರಿಂದಲೂ ಏನೂ ಗೊತ್ತಾಗಲ್ಲ. ಹಾಳೆಯಲ್ಲಿರುವ ಪ್ರತಿ "ಯಾರು" ಪಕ್ಕ ಒಂದು ಹೆಸರು ಬರಲಿ. ದುಡ್ಡು ಕೊಟ್ಟು ಮಾಡಿಸುವುದಾದರೆ ಎಷ್ಟು ಅಂತ ಬರೆಯಿರಿ. ಅಮ್ಮನ ಹತ್ತಿರ ಅಡುಗೆಯವರ ವಿಷಯ ಮಾತಾಡುವುದು ಮಗನ ಕೆಲಸ, ಸೊಸೆಯದ್ದಲ್ಲ. ಆಕೆಯ ಕೈಗೆ ಮೈಸೂರಿನ ಶಾಲೆಯೊಂದರ ನೇಮಕಾತಿ ಪತ್ರ ಬರುವವರೆಗೆ ಇಲ್ಲಿ ರಾಜೀನಾಮೆ ಇಲ್ಲ, ಫ್ಲ್ಯಾಟ್ ಮಾರುವುದೂ ಇಲ್ಲ.

"ನೀವು ಆಕೆಯ ಪರ ಮಾತಾಡಿದ್ರಿ" ಅಂದರು ಅವರು. ಸಲಹೆಗಾರರು ಹೀಗೆ ಹೋಗಬೇಡಿ ಅಂತ ನೇರವಾಗಿ ಹೇಳಬಾರದು, ದಾರಿ ಅವರೇ ಹುಡುಕಿಕೊಳ್ಳಬೇಕು ಅಂತ ನನ್ನ ಜೊತೆ ಕೆಲಸ ಮಾಡುವವರೊಬ್ಬರೂ ಅಂದರು. ಸಾಮಾನ್ಯವಾಗಿ ನಾನೂ ಹಾಗೇ ಮಾಡುತ್ತೇನೆ. ಆದರೆ ಒಬ್ಬರ ಹತ್ತಿರ ಎಕ್ಸೆಲ್ ಶೀಟು, ಶಾಲೆಯ ಗಡುವು, ಡಾಕ್ಟರ ಚೀಟಿ ಎಲ್ಲ ಇದ್ದು, ಇನ್ನೊಬ್ಬರ ಹತ್ತಿರ "ಇಷ್ಟ ಇಲ್ಲ" ಅನ್ನುವ ಎರಡು ಪದ ಮಾತ್ರ ಇದ್ದಾಗ, ನಾನು ಬಾಯಿ ಮುಚ್ಚಿಕೊಂಡು ಕೂತರೆ ಅದು ಗಟ್ಟಿಯಾಗಿ ಮಾತಾಡುವವರ ಪರ ನಿಂತ ಹಾಗೆ. ಒಂದು ವರ್ಷ ತಡ ಆದರೆ ತಿದ್ದಿಕೊಳ್ಳಬಹುದು. ಹದಿನೈದು ವರ್ಷ ಪಾಠ ಮಾಡಿದ ಹೆಂಗಸು ಕೆಲಸ ಬಿಟ್ಟು, ಅಮ್ಮನಿಂದ ದೂರವಾಗಿ, ಒಳಗೊಳಗೇ ಕುದಿಯುತ್ತ ಕೂತರೆ ಆಮೇಲೆ ತಿದ್ದುವುದು ಎಷ್ಟು ಕಷ್ಟ ಅಂತ ನಾನು ಈ ಕೋಣೆಯಲ್ಲಿ ನೋಡುತ್ತಲೇ ಇದ್ದೇನೆ. ಅಂಥವರು ಹೋದಮೇಲೆ ಬರುತ್ತಾರೆ, ಹೋಗುವ ಮೊದಲು ಬರಲ್ಲ.

ಅವರ ಬಿಪಿ, ಅವರ ಸುಸ್ತು ಸುಳ್ಳಲ್ಲ. ಅದಕ್ಕೆ ಮೈಸೂರಿನವರೆಗೆ ಕಾಯುವುದೂ ಬೇಡ ಅಂದೆ. ಆಫೀಸಿಗೆ ಎರಡೇ ದಿನ ಹೋದರೆ ಸಾಕು ಅನ್ನುವ ಅನುಮತಿ ಕೈಯಲ್ಲಿದ್ದೂ ಅವರು ನಾಲ್ಕು ದಿನ ಹೋಗುತ್ತಿದ್ದರು. ಅದನ್ನು ನಿಲ್ಲಿಸಿದರು. ಈಗ ಬೆಳಗ್ಗೆ ಮನೆ ಹತ್ತಿರದ ಕೆರೆ ಸುತ್ತುತ್ತಾರೆ.

ಬೇಸಿಗೆಯಲ್ಲಿ ಹೋಗಿ ಇದ್ದು ಬಂದರು. ಅಪ್ಪನನ್ನು ಫಿಸಿಯೋಥೆರಪಿಗೆ ಮಗನೇ ಕರೆದುಕೊಂಡು ಹೋದರು. ಆ ಹೊತ್ತಿಗೆ ಆಫೀಸ್ ಮೀಟಿಂಗ್ ಇರುತ್ತದೆ ಅಂತ ಮೂರನೇ ದಿನಕ್ಕೇ ಗೊತ್ತಾಗಿ ಬೆಳಗಿನ ಹೊತ್ತಿಗೆ ಬದಲಿಸಿದರು. ಅತ್ತೆ ಅಡುಗೆಯವರಿಗೆ ಇನ್ನೂ ಒಪ್ಪಿಲ್ಲ, ಪಾತ್ರೆ ತೊಳೆಯಲು, ತರಕಾರಿ ಹೆಚ್ಚಲು ಜನ ಬರಲಿ ಅಂದಿದ್ದಾರೆ. ಆಕೆ ಎರಡು ಶಾಲೆಗೆ ಸಂದರ್ಶನಕ್ಕೆ ಹೋಗಿ ಬಂದಿದ್ದಾರೆ. ಒಂದು ಕಡೆ ಸಂಬಳ ತೀರಾ ಕಮ್ಮಿ ಅಂತ ಬಿಟ್ಟರು, ಇನ್ನೊಂದು ಕಡೆಯಿಂದ ಉತ್ತರ ಬರಬೇಕು. ಹೋಗುವುದೋ ಬಿಡುವುದೋ ಫೆಬ್ರವರಿಯಲ್ಲಿ ತೀರ್ಮಾನ ಮಾಡುತ್ತಾರೆ. ಮಗಳನ್ನೂ ಕೂರಿಸಿಕೊಂಡೇ ಮಾಡಬೇಕು ಅಂತ ಆಕೆ ಹಾಕಿದ ಷರತ್ತಿಗೆ ಅವರು ಒಪ್ಪಿದ್ದಾರೆ.