ಮರಿಯ ಕಾಲು ಬಾಗಿದರೆ ಸಿರಪ್ ಸಾಕೇ?

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಮರಿಗೆ ನಾಲ್ಕು ತಿಂಗಳು, ತೂಕ 12 ಕೆ.ಜಿ. ದಿನಾ ಅನ್ನಕ್ಕೆ 300 ಗ್ರಾಂ ಮೂಳೆ ಬಿಡಿಸಿದ ಕೋಳಿ ಕಲಸಿ ಹಾಕುತ್ತೇವೆ. ಈಗ ಮುಂಗಾಲು ಬಿಲ್ಲಿನಂತೆ ಬಾಗಿದೆ, ಎತ್ತಿಕೊಂಡರೆ ನರಳುತ್ತದೆ. ಮಳೆ ಹಿಡಿದು ಬಿಸಿಲೇ ಕಾಣದ್ದಕ್ಕೆ ಹೀಗಾಯಿತೇ? ಕ್ಯಾಲ್ಸಿಯಂ ಸಿರಪ್ ಎರಡು ಪಟ್ಟು ಕೊಡಬಹುದೇ?
– ಓದುಗರು, ಸುಂಟಿಕೊಪ್ಪ

ಉತ್ತರ: ಪಾಪ, ಮಳೆಯನ್ನು ಬಯ್ಯಬೇಡಿ. ನಾಯಿಯ ಚರ್ಮ ಬಿಸಿಲಿನಿಂದ ಡಿ ಜೀವಸತ್ವವನ್ನು ಸಾಕಷ್ಟು ತಯಾರಿಸಲಾರದು. ಬೇಸಗೆಯಿಡೀ ಕಾಫಿ ಕಣದಲ್ಲಿ ಮಲಗಿದ್ದರೂ ಅದಕ್ಕೆ ಡಿ ಸಿಗಬೇಕಾದ್ದು ಊಟದಿಂದಲೇ. ಎಡವಟ್ಟು ತಟ್ಟೆಯಲ್ಲಿದೆ.

ಇಷ್ಟು ತೂಕದ ಮರಿಗೆ ದಿನಕ್ಕೆ 900–1000 ಕಿಲೊಕ್ಯಾಲೊರಿ ಬೇಕು. 1000 ಕಿಲೊಕ್ಯಾಲೊರಿಯ ಊಟದಲ್ಲಿ ಕನಿಷ್ಠ 3 ಗ್ರಾಂ ಕ್ಯಾಲ್ಸಿಯಂ ಇರಬೇಕು, 4.5 ಗ್ರಾಂ ದಾಟಬಾರದು. ನೀವು ಹಾಕುವ ಕೋಳಿಯಲ್ಲಿರುವುದು 40 ಮಿಲಿಗ್ರಾಂ ಆಸುಪಾಸು, ಅನ್ನದಿಂದಲೂ ಹೆಚ್ಚೇನಿಲ್ಲ. ಅದೇ ಕೋಳಿಯಲ್ಲಿ ರಂಜಕ (ಫಾಸ್ಫರಸ್) ಮಾತ್ರ ಸುಮಾರು 600 ಮಿಲಿಗ್ರಾಂ! ರಂಜಕಕ್ಕಿಂತ ಕ್ಯಾಲ್ಸಿಯಂ ತುಸು ಮೇಲಿರಬೇಕಾದಲ್ಲಿ ಲೆಕ್ಕ ತಲೆಕೆಳಗಾಗಿದೆ. ಆಗ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ರಕ್ತದಲ್ಲಿ ಕಡಿಮೆಯಾದ ಕ್ಯಾಲ್ಸಿಯಂ ತುಂಬಲು ಮೂಳೆಯಲ್ಲಿರುವುದನ್ನು ಕರಗಿಸುತ್ತವೆ. ತೆಳುವಾದ ಮೂಳೆ ಬಾಗುತ್ತದೆ, ಸಣ್ಣ ಜಿಗಿತಕ್ಕೂ ಮುರಿಯಬಹುದು. ಲಿವರ್ ಸೇರಿಸಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ.

ಸಿರಪ್ ದುಪ್ಪಟ್ಟು ಮಾಡಬೇಡಿ. ಎಷ್ಟೋ ಸಿರಪ್‌ಗಳಲ್ಲಿ ರಂಜಕವೂ ಇರುತ್ತದೆ, ಲೇಬಲ್ ಓದಿ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯಲು ಬರುವುದಿಲ್ಲ. ಅತಿಯಾದರೂ ಕಾಲು ಬಾಗುತ್ತದೆ, ಕೀಲು ಕೆಡುತ್ತದೆ.

ಮೊದಲು ಪಶುವೈದ್ಯರಲ್ಲಿ ಎಕ್ಸ್‌ರೇ ತೆಗೆಸಿ. ನರಳುತ್ತಿದೆಯೆಂದರೆ ಎಲ್ಲೋ ಬಿರುಕು ಬಿಟ್ಟಿರಲೂಬಹುದು. ಅಲ್ಲಿಯವರೆಗೆ ಮೆಟ್ಟಿಲು, ಓಟ ಬೇಡ. ರೆಡ್ ಆಕ್ಸೈಡ್ ನೆಲ ಜಾರುತ್ತದೆ, ಗೋಣಿಚೀಲ ಹಾಸಿ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಸೊಂಟದಡಿ ಇರಲಿ.

ಊಟವನ್ನು ಏಳು ದಿನದಲ್ಲಿ ನಿಧಾನವಾಗಿ, ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಸಿದ್ಧ ಆಹಾರಕ್ಕೆ ಬದಲಿಸಿ. ಅನ್ನ-ಕೋಳಿಯಲ್ಲಿ ಸತು, ತಾಮ್ರ, ಅಯೋಡಿನ್ ಕೂಡ ಸಾಲದು. ಈ ಏಳು ದಿನದ ಮಟ್ಟಿಗೆ ಸಿರಪ್ ಬದಲು ಮೊಟ್ಟೆಚಿಪ್ಪಿನ ಪುಡಿ ಸಾಕು: ಚಿಪ್ಪು ತೊಳೆದು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿ ಜರಡಿ ಹಿಡಿಯಿರಿ. ತರಿ ಉಳಿದರೆ ಅದು ಹಾಗೇ ಆಚೆ ಹೋಗುತ್ತದೆ. ಸಮತಟ್ಟಾದ ಒಂದು ಟೀ ಚಮಚದಲ್ಲಿ ಸುಮಾರು 1.8–2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಪೂರ್ತಿ ಮನೆ ಊಟಕ್ಕೆ ದಿನಕ್ಕೆ ಒಂದೂವರೆ ಚಮಚ. ಮನೆ ಊಟ ಅರ್ಧಕ್ಕಿಳಿದಾಗ ಪುಡಿಯೂ ಅರ್ಧ. ಪೂರ್ತಿ ಸಿದ್ಧ ಆಹಾರಕ್ಕೆ ಬಂದ ದಿನ ಪುಡಿ ನಿಲ್ಲಿಸಿ, ಸಿರಪ್ ಕಡೆಗೂ ಹೋಗಬೇಡಿ.

‘ರಾಗಿ ಅಂಬಲಿ ಕೊಡಿ’ ಎನ್ನುವವರಿದ್ದಾರೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ ನಿಜ, ಆದರೆ ಅದರಲ್ಲಿರುವ ಫೈಟೇಟ್ ಎಂಬ ಅಂಶ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಪಂದಿ ಕರಿಯ ಮೂಳೆಯಂತೂ ಬೇಡವೇ ಬೇಡ. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಪ್ರಶ್ನೆ: ಕೋಳಿಗಳು ಚಿಪ್ಪಿಲ್ಲದ ಮೆತ್ತನೆ ಮೊಟ್ಟೆ ಇಡುತ್ತಿವೆ. ನೀರಿಗೆ ಸುಣ್ಣ ಹಾಕಲೇ?
– ಓದುಗರು, ಸೋಮವಾರಪೇಟೆ

ಉತ್ತರ: ಎಲೆಅಡಿಕೆಯ ಸುಣ್ಣ ಬಾಯಿ ಸುಡುತ್ತದೆ, ಬೇಡ. ಕೋಳಿಮೇವಿನ ಅಂಗಡಿಯಲ್ಲಿ ಸಿಗುವ ಶೆಲ್ ಗ್ರಿಟ್ (ಕಪ್ಪೆಚಿಪ್ಪಿನ ತರಿ) ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ತಿನ್ನುತ್ತವೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಹಾಗಾಗಿ ಸಂಜೆ ಬಟ್ಟಲು ಖಾಲಿ ಇರಬಾರದು. ಕೋಳಿಮರಿಗಳಿಗೆ ಮಾತ್ರ ಮೊಟ್ಟೆ ಇಡುವ ಕೋಳಿಗಳ ಲೇಯರ್ ಮೇವು ಹಾಕಬೇಡಿ, ಅಷ್ಟು ಕ್ಯಾಲ್ಸಿಯಂನಿಂದ ಮೂತ್ರಪಿಂಡ ಕೆಡುತ್ತದೆ.