ಓದುಗರ ಪ್ರಶ್ನೆ: ಹಾಲಿನ ಸಂಘದಂತೆ ಕರೆಂಟಿನ ಸಂಘವನ್ನೂ ಕಟ್ಟಬಹುದೇ?

ಪ್ರಶ್ನೆ: ಮಾನ್ಯರೇ, ನಮ್ಮೂರಿನ ಹಾಲು ಉತ್ಪಾದಕರ ಸಂಘವನ್ನು ನಾವೇ ನಡೆಸುತ್ತಿದ್ದೇವೆ. ಆದರೆ ಬೇಸಿಗೆಯಲ್ಲಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟುಹೋದರೆ, ಇನ್ನೊಂದು ಬರುವವರೆಗೆ ಕಬ್ಬು ಒಣಗುವುದನ್ನು ನೋಡುತ್ತ ಕೂರಬೇಕಾಗುತ್ತದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ಸಹಕಾರ ಸಂಘವೇ ಮನೆಮನೆಗೆ ವಿದ್ಯುತ್ ಕೊಡುತ್ತದೆಂದು ಕೇಳಿದೆವು. ಯಾರ ಹಂಗೂ ಇಲ್ಲದೆ ನಮ್ಮ ಕರೆಂಟನ್ನು ನಾವೇ ನೋಡಿಕೊಳ್ಳುವಂಥ ಸಂಘವನ್ನು ಇಲ್ಲಿಯೂ ಕಟ್ಟಬಹುದೇ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಕಟ್ಟಬಹುದು. ಆದರೆ ‘ಯಾರ ಹಂಗೂ ಇಲ್ಲದೆ’ ಎಂಬ ಮಾತನ್ನು ಮೊದಲೇ ಬಿಟ್ಟುಬಿಡಬೇಕು. ನಿಮ್ಮ ಹಾಲಿನ ಸಂಘವನ್ನೇ ನೋಡಿ. ಬೆಳಿಗ್ಗೆ ಕ್ಯಾನು ತುಂಬಿಸಿ ಕಳಿಸುವುದಷ್ಟೇ ಊರಿನ ಕೆಲಸ. ಹಾಲನ್ನು ತಂಪು ಮಾಡಿ ಸಂಸ್ಕರಿಸುವುದು ಗೆಜ್ಜಲಗೆರೆಯ ಒಕ್ಕೂಟ, ನಂದಿನಿ ಎಂಬ ಹೆಸರಿನಲ್ಲಿ ಮಾರುಕಟ್ಟೆಯನ್ನು ಹಿಡಿದಿರುವುದು ರಾಜ್ಯದ ಮಹಾಮಂಡಳ. ಈ ಆಸರೆಯಿಲ್ಲದಿದ್ದರೆ ಊರಿನ ಸಂಘ ಹಾಲು ಕೆಡುವಷ್ಟು ಹೊತ್ತೂ ಬಾಳಲಾರದು. ವಿದ್ಯುತ್ತಿನಲ್ಲಿ ಈ ಅವಲಂಬನೆ ಇನ್ನೂ ಹೆಚ್ಚು, ಏಕೆಂದರೆ ಅದನ್ನು ಕ್ಯಾನಿನಲ್ಲಿ ತುಂಬಿಡಲು ಬರುವುದಿಲ್ಲ.

ಹುಕ್ಕೇರಿಯ ಸಂಘ 1969ರಲ್ಲಿ ಆರಂಭವಾಯಿತು. ಅದೇ ಕಾಲದಲ್ಲಿ ಪ್ರಯೋಗಾರ್ಥವಾಗಿ ಗುಜರಾತಿನ ಕೊಡಿನಾರ್, ಉತ್ತರಪ್ರದೇಶದ ಲಖನೌ, ಮಹಾರಾಷ್ಟ್ರದ ಮುಳಾ-ಪ್ರವರಾ ಮತ್ತು ಈಗ ತೆಲಂಗಾಣದಲ್ಲಿರುವ ಸಿರಿಸಿಲ್ಲದಲ್ಲಿಯೂ ಇಂಥ ಸಂಘಗಳು ಹುಟ್ಟಿದವು. ಇವುಗಳಿಗೆ ಮಾದರಿಯಾಗಿದ್ದುದು ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳು. ಅಲ್ಲಿ 1935ರ ಹೊತ್ತಿಗೆ ಹಳ್ಳಿಯ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತಕ್ಕೆ ವಿದ್ಯುತ್ತಿರಲಿಲ್ಲ. ದೂರದೂರದ ಮನೆಗಳಿಗೆ ತಂತಿ ಎಳೆಯುವುದು ಲಾಭವಲ್ಲವೆಂದು ಖಾಸಗಿ ಕಂಪನಿಗಳು ಸುಮ್ಮನಿದ್ದವು. (ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹರಿದರೂ, ತಂತಿ ಹಾದುಹೋದ ಹಳ್ಳಿಗಳು ದಶಕಗಳ ಕಾಲ ಬುಡ್ಡಿದೀಪದಲ್ಲೇ ಇದ್ದುದನ್ನು ಇಲ್ಲಿ ನೆನೆಯದೆ ಇರಲಾಗದು.) ಕೊನೆಗೆ ಸರ್ಕಾರದ ಸಾಲ ಪಡೆದು ಅಮೆರಿಕದ ರೈತರೇ ಸಂಘ ಕಟ್ಟಿದರು. ಇಂದು ಅಲ್ಲಿ ಸುಮಾರು 900 ಸಂಘಗಳಿವೆ.

ಆ ಸಂಘಗಳು ಉಳಿದುದರ ಗುಟ್ಟು ಇರುವುದು ಜೊತೆಗಾರ ಸಂಸ್ಥೆಗಳಲ್ಲಿ. ಬಹುಪಾಲು ಸಂಘಗಳು ತಾವಾಗಿ ವಿದ್ಯುತ್ ಉತ್ಪಾದಿಸುವುದಿಲ್ಲ; ಹಲವು ಸಂಘಗಳು ಕೂಡಿ ಉತ್ಪಾದನೆ ಮತ್ತು ಪ್ರಸರಣಕ್ಕೆಂದೇ ಬೇರೆ ಸಹಕಾರಿ ಸಂಸ್ಥೆಗಳನ್ನು ಕಟ್ಟಿಕೊಂಡಿವೆ. 1942ರಲ್ಲಿ ರಾಷ್ಟ್ರಮಟ್ಟದ ಒಕ್ಕೂಟವನ್ನೂ 1969ರಲ್ಲಿ ಸಾಲ ಕೊಡುವ ಸಹಕಾರಿ ಹಣಕಾಸು ಸಂಸ್ಥೆಯನ್ನೂ ಸ್ಥಾಪಿಸಿಕೊಂಡವು. ಬಿರುಗಾಳಿಗೆ ಕಂಬಗಳು ಉರುಳಿದಾಗ ಬೇರೆ ರಾಜ್ಯದ ಸಂಘಗಳ ಲೈನ್‌ಮನ್‌ಗಳು ಲಾರಿಯಲ್ಲಿ ಸಾಮಾನು ಸಮೇತ ಬಂದು ನಿಲ್ಲುತ್ತಾರೆ. ಸುಟ್ಟ ಟಿ.ಸಿ.ಗಾಗಿ ಕಾದಿರುವ ನಿಮಗೆ ಇದರ ಬೆಲೆ ನಾನು ಹೇಳಬೇಕಾಗಿಲ್ಲ. ಈ ಜೊತೆಗಾರರಲ್ಲಿ ಹೆಚ್ಚಿನವರ ಒಡೆತನ ಸಂಘಗಳದ್ದೇ ಎಂಬುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ.

ನಮ್ಮಲ್ಲಿ ಕೊರತೆಯಾದದ್ದು ಇದೇ. ಇಲ್ಲಿನ ಸಂಘಗಳು ವಿದ್ಯುತ್ತನ್ನು ತಮ್ಮದಲ್ಲದ ಸಂಸ್ಥೆಗಳಿಂದ ಕೊಂಡು, ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದಿಂದ ಪಡೆದು, ಪಂಪ್‌ಸೆಟ್ಟಿನ ಸಬ್ಸಿಡಿಗೆ ಸರ್ಕಾರದ ಕಡೆ ನೋಡಬೇಕು. ಮಂಡ್ಯದಂಥ ಜಿಲ್ಲೆಯಲ್ಲಿ ಈ ಮೂರನೆಯದು ಸಣ್ಣ ವಿಷಯವಲ್ಲ: 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ರೈತರು ಬಿಲ್ಲು ಕಟ್ಟುವುದಿಲ್ಲವಾದ್ದರಿಂದ, ಸರ್ಕಾರದ ಹಣ ಒಂದು ವರ್ಷ ತಡವಾದರೂ ನಿಮ್ಮ ಸಂಘ ಕೊಂಡ ವಿದ್ಯುತ್ತಿನ ಸಾಲದಲ್ಲಿ ಮುಳುಗುತ್ತದೆ. ಪಂಪ್‌ಸೆಟ್ಟುಗಳ ಬಳಕೆಯೇ ಹೆಚ್ಚಾಗಿದ್ದ ಮುಳಾ-ಪ್ರವರಾ ಸಂಘದ ಮೇಲೆ ಬಾಕಿ ಬೆಳೆಯುತ್ತಲೇ ಹೋಗಿ, 2011ರಲ್ಲಿ ಅದರ ವಿತರಣೆ ರಾಜ್ಯದ ಕಂಪನಿಯ ಕೈಸೇರಿತು.

ಆದ್ದರಿಂದ ವಿದ್ಯುತ್ ವಿತರಣೆಯ ಲೈಸೆನ್ಸಿನಿಂದ ಆರಂಭಿಸಬೇಡಿ. 2003ರ ವಿದ್ಯುತ್ ಕಾಯ್ದೆಯ 5ನೆಯ ಕಲಮು ಹಳ್ಳಿಗಳಲ್ಲಿ ಸ್ಥಳೀಯ ವಿತರಣೆಯ ನಿರ್ವಹಣೆಯನ್ನು ಪಂಚಾಯಿತಿ, ಬಳಕೆದಾರರ ಸಂಘ ಮತ್ತು ಸಹಕಾರ ಸಂಘಗಳ ಮೂಲಕ ಮಾಡುವ ನೀತಿಗೆ ಅವಕಾಶ ಕೊಟ್ಟಿದೆ. ಇನ್ನೂ ಸಣ್ಣದಾಗಿ ತೊಡಗಬೇಕೆಂದರೆ ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮವನ್ನು ನೋಡಿ: ಬೆರಳೆಣಿಕೆಯ ರೈತರು 2016ರಲ್ಲಿ ಸೌರ ಪಂಪುಗಳ ಸಹಕಾರ ಸಂಘ ಮಾಡಿಕೊಂಡು, ನೀರೆತ್ತಿ ಮಿಕ್ಕ ವಿದ್ಯುತ್ತನ್ನು ಅಲ್ಲಿನ ವಿತರಣಾ ಕಂಪನಿಗೆ ಮಾರತೊಡಗಿದರು. ಅವರ ಬೆನ್ನಿಗೆ ಅಂತಾರಾಷ್ಟ್ರೀಯ ಜಲ ನಿರ್ವಹಣಾ ಸಂಸ್ಥೆ ನಿಂತಿತ್ತು. ಕಂಪನಿಯೊಡನೆ ದೀರ್ಘಾವಧಿಯ ಖರೀದಿ ಕರಾರು ಆಗಿತ್ತು.

ಮೊದಲು ನಿಮ್ಮ ಫೀಡರಿನ (ಉಪಕೇಂದ್ರದಿಂದ ಊರಿಗೆ ಬರುವ ಲೈನಿನ) ಪ್ರತಿ ಟಿ.ಸಿ.ಯ ಸಾಮರ್ಥ್ಯವೆಷ್ಟು, ಅದರ ಮೇಲಿರುವ ಪಂಪ್‌ಸೆಟ್ಟುಗಳೆಷ್ಟು, ಅವುಗಳ ಎಚ್.ಪಿ. ಎಷ್ಟು ಎಂಬುದನ್ನು, ಅಕ್ರಮ ಸಂಪರ್ಕಗಳನ್ನೂ ಮುಚ್ಚಿಡದೆ, ನೀವೇ ಬರೆದುಕೊಳ್ಳಿ. ಹೊರೆ ಮೀರಿದರೆ ಯಾರ ಒಡೆತನದ ಟಿ.ಸಿ.ಯಾದರೂ ಸುಡುತ್ತದೆ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಉಪವಿಭಾಗದ ಅಧಿಕಾರಿಗಳೊಡನೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತಾಡಿ. ಅವರು ಏನೆಂದರೆಂಬುದನ್ನು ತಿಳಿಸಿದರೆ, ಮುಂದಿನ ಹೆಜ್ಜೆಯ ಬಗ್ಗೆ ಇದೇ ಅಂಕಣದಲ್ಲಿ ಬರೆಯುತ್ತೇನೆ.