ಜನವರಿ ಹನಿಮೂನ್: ಮನಾಲಿ ಬದಲು ಶೋಜಾ

ಜನವರಿಯಲ್ಲಿ ಹನಿಮೂನ್, ಹಿಮ ಬೇಕು, ಮನಾಲಿಯ ಗದ್ದಲ ಬೇಡ ಅಂತ ಕೇಳಿದ್ದೀರಿ ಅಲ್ವಾ? ಹಿಮಾಚಲದ ಬಂಜಾರ್ ಕಡೆ ಹೋಗಿ. ದೆಹಲಿ-ಮನಾಲಿ ರಾತ್ರಿ ಬಸ್ಸಿನಲ್ಲಿ ಔಟ್ (Aut) ಅನ್ನೋ ಊರಿನ ಹತ್ತಿರ ಇಳಿದು ಟ್ಯಾಕ್ಸಿ ಹಿಡಿಯಿರಿ. ಅಲ್ಲಿನ ಜೀಭಿ ಹಳ್ಳಿ ಚೆಂದವೇ, ಆದರೆ ತಗ್ಗಿನಲ್ಲಿದೆ, ಹಿಮ ಬಿದ್ದರೂ ಬೇಗ ಕರಗುತ್ತದೆ. ಇನ್ನೂ ಮೇಲಿರುವ ಶೋಜಾ ಹಳ್ಳಿಯಲ್ಲಿ ಹಿಮ ಜಾಸ್ತಿ. 3,120 ಮೀಟರ್ ಎತ್ತರದ ಜಲೋರಿ ಪಾಸ್ (ಬೆಟ್ಟ ದಾಟುವ ದಾರಿ) ಆಗ ಸಾಮಾನ್ಯವಾಗಿ ಮುಚ್ಚಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ರೂಮಿನಲ್ಲಿ ಕಟ್ಟಿಗೆಯ ತಂದೂರ್ ಒಲೆ ಇದೆಯಾ ಅಂತ ಮೊದಲೇ ಕೇಳಿ. ನಾವು ಸುಮ್ನೆ ಹೀಟರ್ ನಂಬಿ ಹೋಗಿದ್ದೆವು. ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ, ಪೈಪಿನೊಳಗೇ ಗಡ್ಡೆ ಕಟ್ಟಿತ್ತು! ಮೆಹಂದಿ ಕೈಗೆ ಎರಡು ಜೊತೆ ಗ್ಲೌಸ್ ಹಾಕಿಕೊಂಡೇ ನನ್ನವಳು ಟೀ ಕುಡಿದಳು.

ತುಪ್ಪ ಸುರಿದ ಬಿಸಿ ಸಿಡ್ಡು ತಿನ್ನಿ, ಗೋಧಿ ಹಿಟ್ಟಿನ ಕಡುಬಿನ ಥರ ಇರುತ್ತದೆ. ವಾಪಸ್ ಫ್ಲೈಟಿಗೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ, ಹಿಮ ಬಿದ್ದರೆ ರಸ್ತೆ ತೆರೆಯುವವರೆಗೂ ಅಲ್ಲೇ ಇರಬೇಕಾಗುತ್ತದೆ.